ಹೊಳಪಿಗಿಂತ ಮೊದಲು ಅಳತೆ

ಹೈದರಾಬಾದಿನ ಪುತ್ಲಿಬೌಲಿಯ ಅಂಗಡಿ ಸಾಲಿನಿಂದ ಹಳೆಯ ಬುಲೆಟ್ಟಿಗೆ ಸಾಮಾನು ಸಿಗಲಿಲ್ಲವೆಂದು ಬರಿಗೈಯಲ್ಲಿ ಮರಳುವವರು ಕಡಿಮೆ. ಟ್ಯಾಂಕು, ಮಡ್‌ಗಾರ್ಡು, ಪಿಸ್ಟನ್ನು, ಕ್ಲಚ್ ಪ್ಲೇಟು, ಸೈಲೆನ್ಸರು ಎಲ್ಲಕ್ಕೂ ಹೊಸ ಪ್ರತಿರೂಪಗಳಿವೆ. ಬೇರಿಂಗು, ಆಯಿಲ್ ಸೀಲುಗಳಿಗೆ ಸಿಕಂದರಾಬಾದಿನ ರಾಣಿಗಂಜ್ ಇದೆ. ಬೋರ್ ಮಾಡಿಸಲು, ಬುಷ್ ಕಡೆಸಲು ಬಾಲಾನಗರದ ಲೇಥುಗಳಿವೆ. ಬೀದರ್, ಕಲಬುರಗಿ, ರಾಯಚೂರಿನ ಬೈಕ್ ಪ್ರಿಯರಿಗೂ ಬೆಂಗಳೂರಿಗಿಂತ ಹತ್ತಿರದ ಪೇಟೆ ಇದೇ. ಕೈಯಲ್ಲಿ ದುಡ್ಡಿದ್ದರೆ, ಮೂಲದ ಫ್ರೇಮು ಮತ್ತು ಕ್ರ್ಯಾಂಕ್‌ಕೇಸುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದೆಲ್ಲವನ್ನೂ ಹೊಸದಾಗಿ ಕೊಂಡು, ಐವತ್ತು ವರ್ಷ ಹಿಂದಿನ ಗಾಡಿಯನ್ನು ಶೋರೂಮಿನಿಂದ ಈಗಷ್ಟೇ ಇಳಿಸಿದಂತೆ ನಿಲ್ಲಿಸಬಹುದು. ಮನೆಯಲ್ಲಿ ಹಳೆಯ ಬೈಕು ರಿಪೇರಿಗೆ ಕೂರುವವರು ಎಡವುವುದು ಈ ಅನುಕೂಲದಿಂದಲೇ. ಬದಲಾಯಿಸುವುದು ಸುಲಭವಾದಾಗ ಯಾವುದು ಸವೆದಿದೆ, ಯಾವುದು ಇನ್ನೂ ಗಟ್ಟಿಯಾಗಿದೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಈ ಲೇಖನದ ವಾದ ಇಷ್ಟು: ಜೀರ್ಣೋದ್ಧಾರ ಶುರುವಾಗಬೇಕಾದದ್ದು ಸ್ಪ್ಯಾನರಿನಿಂದಲ್ಲ, ಅಳತೆಯಿಂದ; ಅಳತೆಯೊಳಗೆ ಇರುವ ಭಾಗವನ್ನು ಮುಟ್ಟಬಾರದು; ಟ್ಯೂನಿಂಗಿಗೆ ಒಂದು ಕ್ರಮವಿದೆ, ಅದನ್ನು ತಪ್ಪಿಸಿದರೆ ಎಷ್ಟು ಖರ್ಚು ಮಾಡಿದರೂ ಎಂಜಿನ್ನು ಮಾತು ಕೇಳುವುದಿಲ್ಲ.

ನಮ್ಮಲ್ಲಿ ದೊಡ್ಡ ಹಳೆಯ ಬೈಕು ಎಂದರೆ ಮುಖ್ಯವಾಗಿ ಮೂರು ಮನೆತನಗಳು. 1955ರಲ್ಲಿ ಇಂಗ್ಲೆಂಡಿನ ರೆಡಿಚ್‌ನ ಕಂಪನಿಯ ಜೊತೆಗೂಡಿ ಮದ್ರಾಸ್ ಮೋಟರ್ಸ್ ಜೋಡಿಸತೊಡಗಿದ ರಾಯಲ್ ಎನ್‌ಫೀಲ್ಡ್ ಬುಲೆಟ್ 350 ಮೊದಲನೆಯದು. ಎರಡನೆಯದು 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಅದರ ಮುಂದಿನ ಅವತಾರವಾದ ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಮೂರನೆಯದು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ತಂದ ಎರಡು ಸಿಲಿಂಡರಿನ ರಾಜ್‌ದೂತ್ 350. ಇವುಗಳಲ್ಲಿ ಬುಲೆಟ್ಟಿನ ಹಳೆಯ ಎರಕದ ಕಬ್ಬಿಣದ ಎಂಜಿನ್ನು ಮನೆ ರಿಪೇರಿಗೆ ಹೇಳಿ ಮಾಡಿಸಿದ್ದು. 70 ಮಿ.ಮೀ. ಬೋರು, 90 ಮಿ.ಮೀ. ಸ್ಟ್ರೋಕು, 346 ಸಿ.ಸಿ., ಒಂದೇ ಸಿಲಿಂಡರು, ತೀರಾ ಕಡಿಮೆ ಕಂಪ್ರೆಶನ್. ಕಂಪ್ಯೂಟರು, ಸೆನ್ಸರು ಏನೂ ಇಲ್ಲ. ಇಂಥ ಎಂಜಿನ್ನು ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. ಫೀಲರ್ ಗೇಜು, ವರ್ನಿಯರ್ ಕ್ಯಾಲಿಪರು, ಕಂಪ್ರೆಶನ್ ಗೇಜು, ಮಲ್ಟಿಮೀಟರು ಈ ನಾಲ್ಕಿದ್ದರೆ ಅದರ ಆರೋಗ್ಯದ ಬಹುಪಾಲು ತಿಳಿಯುತ್ತದೆ. ಜೊತೆಗೆ ಸರಿಯಾದ ಸ್ಪ್ಯಾನರ್ ಸೆಟ್ಟೂ ಬೇಕು. ಹಳೆಯ ಬುಲೆಟ್ಟಿನ ನಟ್ಟು ಬೋಲ್ಟುಗಳು ಬ್ರಿಟಿಷ್ ಅಳತೆಯವು, ಯೆಜ್ಡಿಯವು ಮಿಲಿಮೀಟರಿನವು. ಮಿಲಿಮೀಟರ್ ಸ್ಪ್ಯಾನರು ಹಾಕಿ ಬುಲೆಟ್ಟಿನ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಮೊದಲು ಅದರ ಮೂಲೆ ಹೋಗುತ್ತದೆ, ಆಮೇಲೆ ಥ್ರೆಡ್ಡು ಹೋಗುತ್ತದೆ.

ಹಳೆಯ ಎಂಜಿನ್ನು ಒಂದು ದಾಖಲೆ. ಅದರ ಸವೆತ, ಮಸಿ, ಎಣ್ಣೆಯ ಬಣ್ಣ, ಇವೆಲ್ಲ ಅದು ಹೇಗೆ ಬದುಕಿತು ಎಂಬುದಕ್ಕೆ ಸಾಕ್ಷಿಗಳು. ಮೊದಲ ದಿನವೇ ಎಲ್ಲವನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದುಬಿಟ್ಟರೆ ಆ ಸಾಕ್ಷಿಗಳೂ ತೊಳೆದುಹೋಗುತ್ತವೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಎಣ್ಣೆಯನ್ನು ಬಿಳಿಯ ತಟ್ಟೆಗೆ ಇಳಿಸಿ ನೋಡುವುದು. ಬುಲೆಟ್ಟಿನ ಆಯಿಲ್ ಟ್ಯಾಂಕು ಕ್ರ್ಯಾಂಕ್‌ಕೇಸಿನಲ್ಲೇ ಅಡಕವಾಗಿದೆ; ಗಾಡಿ ತಿಂಗಳುಗಟ್ಟಲೆ ನಿಂತರೆ ಎಣ್ಣೆ ನಿಧಾನವಾಗಿ ಪಂಪನ್ನು ದಾಟಿ ಕ್ರ್ಯಾಂಕಿನ ಕೋಣೆಗೆ ಇಳಿಯುತ್ತದೆ. ಅದನ್ನು ಅರಿಯದವರು ಮುಚ್ಚಳ ತೆಗೆದು ನೋಡಿ, ಎಣ್ಣೆ ಕಡಿಮೆಯಿದೆ ಎಂದು ಮತ್ತಷ್ಟು ಸುರಿಯುತ್ತಾರೆ; ಕಿಕ್ ಹೊಡೆದೊಡನೆ ಎದ್ದ ಬಿಳಿ ಹೊಗೆ ಕಂಡು ಪಿಸ್ಟನ್ ರಿಂಗು ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಬೋರು ಮಾಡಿಸುವ ತನಕ ಹೋಗುವ ಖರ್ಚು ಹೀಗೆ ಒಂದು ಡ್ರೈನ್ ಪ್ಲಗ್ ಬಿಚ್ಚದ್ದರಿಂದ ಶುರುವಾಗಬಹುದು. ಇಳಿಸಿದ ಎಣ್ಣೆಯಲ್ಲಿ ಹಿತ್ತಾಳೆ ಬಣ್ಣದ ಪುಡಿ ಮಿಂಚಿದರೆ ವಿಷಯ ಬೇರೆ. ಯಾವುದೋ ಬುಷ್ ಸವೆಯುತ್ತಿದೆ ಎಂದರ್ಥ, ಆಗ ಬಿಚ್ಚಲೇಬೇಕು. ಟೈಮಿಂಗ್ ಕವರಿನೊಳಗಿಂದ ಕನೆಕ್ಟಿಂಗ್ ರಾಡಿನ ಬಿಗ್ ಎಂಡಿಗೆ ಎಣ್ಣೆ ದಾಟಿಸುವ ಕಡೆ ಒಂದು ಪುಟ್ಟ ಕಾರ್ಕ್ ಸೀಲು ಇದೆ. ಅದು ಒಣಗಿ ಕುಗ್ಗಿದರೆ ಎಣ್ಣೆ ಬಿಗ್ ಎಂಡನ್ನು ತಲುಪುವ ಮೊದಲೇ ಸೋರಿಹೋಗುತ್ತದೆ. ಸಾವಿರಾರು ರೂಪಾಯಿಯ ಕ್ರೋಮಿನ ಕೆಳಗೆ ಈ ಪುಟ್ಟ ಸೀಲು ಹಳೆಯದೇ ಉಳಿದಿದ್ದರೆ ಆ ಗಾಡಿಯ ಜೀರ್ಣೋದ್ಧಾರ ಆಗಿಲ್ಲ.

ಬಣ್ಣ ಮತ್ತು ಹೊಳಪಿನ ಕೆಲಸಕ್ಕೆ ಇನ್ನೊಂದು ದೋಷವಿದೆ: ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಬುಲೆಟ್ಟಿನ ಟ್ಯಾಂಕಿನ ಮೇಲಿನ ಬಂಗಾರ ಬಣ್ಣದ ಗೆರೆಗಳನ್ನು ಚೆನ್ನೈನ ಕಾರ್ಖಾನೆಯಲ್ಲಿ ಕುಂಚ ಹಿಡಿದು ಕೈಯಿಂದಲೇ ಎಳೆಯುತ್ತಿದ್ದರು. ಒಮ್ಮೆ ಕೆರೆದು ತೆಗೆದರೆ ಆ ಕೈಯ ಓಟ ಮರಳಿ ಬರುವುದಿಲ್ಲ. ಎಂಜಿನ್ನಿನ ಹೊರಮೈಗೆ ಮರಳು ಹೊಡೆಸಿ ಸ್ವಚ್ಛ ಮಾಡಿಸುವ ಪದ್ಧತಿಯಲ್ಲಿ ಅಪಾಯ ಎರಡು ಬಗೆಯದು. ಎಣ್ಣೆ ಹಾದುಹೋಗುವ ಸಣ್ಣ ಓಣಿಗಳಲ್ಲಿ ಉಳಿದ ಮರಳಿನ ಕಣ ಹೊಸ ಬೇರಿಂಗನ್ನೂ ತಿನ್ನುತ್ತದೆ. ಕ್ರ್ಯಾಂಕ್‌ಕೇಸಿನ ಮೇಲೆ ಕೆತ್ತಿದ ಎಂಜಿನ್ ನಂಬರು ಮಸುಕಾದರೆ ಆರ್‌ಸಿ ಪುಸ್ತಕದ ನಂಬರಿನೊಂದಿಗೆ ತಾಳೆಯಾಗದೆ ಆರ್‌ಟಿಓ ಕಚೇರಿಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಪಾರಂಪರಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕೂಡ ಹೊಸದಾಗಿಸುವುದಕ್ಕಿಂತ ಉಳಿಸುವುದಕ್ಕೆ ಮೊದಲ ಸ್ಥಾನ ಕೊಡುತ್ತದೆ. ನಮ್ಮ ಕಾನೂನೂ ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಎಂಜಿನ್ನುಗಳಲ್ಲಿ ಮಾರ್ಪಾಡು ಆಗದ ವಾಹನ ಮಾತ್ರ ವಿಂಟೇಜ್. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಪುತ್ಲಿಬೌಲಿಯಲ್ಲಿ ಕೊಂಡ ಹೊಸ ಭಾಗಗಳಿಂದ ಗಾಡಿಯನ್ನು ಎಷ್ಟು ಮುಚ್ಚುತ್ತೇವೋ ಅಷ್ಟರಮಟ್ಟಿಗೆ ಈ ವ್ಯಾಖ್ಯೆಯಿಂದ ದೂರ ಸರಿಯುತ್ತೇವೆ.

ಇನ್ನು ಟ್ಯೂನಿಂಗ್. ಗಾಡಿ ಸರಿಯಾಗಿ ಓಡದಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರಿನ ಸ್ಕ್ರೂಗೆ. ಕೈಗೆ ಎಟಕುವಂತಿದೆ, ತಿರುಗಿಸಿದೊಡನೆ ಸದ್ದು ಬದಲಾಗುತ್ತದೆ, ಏನೋ ಮಾಡಿದಂತೆನಿಸುತ್ತದೆ. ಆದರೆ ಅದು ಕೊನೆಗೆ ಮುಟ್ಟಬೇಕಾದ ಭಾಗ. ಮೊದಲು ನೋಡಬೇಕಾದದ್ದು ಕಂಪ್ರೆಶನ್. ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ಗಿನ ರಂಧ್ರಕ್ಕೆ ಗೇಜು ಕೂರಿಸಿ ಕೆಲವು ಸಲ ಕಿಕ್ ಹೊಡೆದು ಅಂಕಿ ಬರೆದುಕೊಳ್ಳಬೇಕು. ಆಮೇಲೆ ಒಂದು ಚಮಚ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ದೋಷ ರಿಂಗಿನಲ್ಲಿ. ಏರದಿದ್ದರೆ ವಾಲ್ವುಗಳಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ. ಬುಲೆಟ್ಟಿನಲ್ಲಿ ಮೂರನೆಯ ಶಂಕಿತನೂ ಇದ್ದಾನೆ: ಕಿಕ್ಕಿಗೆ ನೆರವಾಗುವ ಡಿಕಂಪ್ರೆಸರ್ ವಾಲ್ವು. ಅದು ಸರಿಯಾಗಿ ಕೂರದೆ ಸೋರುತ್ತಿದ್ದರೆ ಎಂಜಿನ್ನು ಸವೆದಂತೆ ಕಾಣುತ್ತದೆ. ಟ್ಯಾಪೆಟ್ಟನ್ನು ತಣ್ಣಗಿರುವಾಗಲೇ ನೋಡಬೇಕು. ವಾಲ್ವು ಮುಚ್ಚಿದಾಗ ಪುಶ್ ರಾಡು ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಬಿಗಿಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ. ಈ ಪರೀಕ್ಷೆಗಳಿಗೆಲ್ಲ ಹಿಡಿಯುವುದು ಒಂದು ಮಧ್ಯಾಹ್ನ. ಖರ್ಚು ಇಲ್ಲವೆಂದರೂ ಸರಿ.

ಎರಡನೆಯದು ಕಿಡಿ. ಹಳೆಯ ಬೈಕುಗಳಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುವುದು ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟು. ಬುಲೆಟ್ಟಿನಲ್ಲಿ ಪಾಯಿಂಟು ಪೂರ್ತಿ ತೆರೆದಾಗ ಅದರ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು, ಅಡ್ವಾನ್ಸ್ ತೂಕಗಳು ವಿಶ್ರಾಂತಿಯಲ್ಲಿರುವಾಗ, ಪಿಸ್ಟನ್ನು ಮೇಲ್ತುದಿ ಮುಟ್ಟಲು ಸುಮಾರು 0.8 ಮಿ.ಮೀ. ಬಾಕಿಯಿರುವಾಗ ಅದು ತೆರೆದುಕೊಳ್ಳಬೇಕು. ಇಲ್ಲಿಯೂ ಹಿಂದುಮುಂದಾಗುವಂತಿಲ್ಲ. ಗ್ಯಾಪ್ ದೊಡ್ಡದಾದರೆ ಪಾಯಿಂಟು ಬೇಗ ತೆರೆಯುತ್ತದೆ, ಕಿರಿದಾದರೆ ತಡವಾಗುತ್ತದೆ. ಹಾಗಾಗಿ ಟೈಮಿಂಗ್ ಹೊಂದಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮೊದಲಿನ ಕೆಲಸ ನೀರುಪಾಲು. ಪಾಯಿಂಟಿನ ನಡುವೆ ತೆಳುವಾದ ಕಾಗದ ಸಿಕ್ಕಿಸಿ, ಅದು ಸಡಿಲಾಗಿ ಹೊರಬರುವ ಕ್ಷಣವನ್ನು ಹಿಡಿಯುವ ಹಳೆಯ ಉಪಾಯ ಇಂದಿಗೂ ಸರಿಯಾದದ್ದೇ. ಇಗ್ನಿಷನ್ ಆನ್ ಮಾಡಿ, ಡಿಕಂಪ್ರೆಸರ್ ಒತ್ತಿ, ಆಂಪ್ ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕನ್ನು ಮೆಲ್ಲಗೆ ಇಳಿಸುವ ಬುಲೆಟ್ ಸವಾರರ ರೂಢಿಯ ಹಿಂದಿರುವುದೂ ಇದೇ ತತ್ವ: ಪಾಯಿಂಟು ತೆರೆದೊಡನೆ ಕಾಯಿಲಿಗೆ ಹರಿಯುವ ಕರೆಂಟು ನಿಲ್ಲುತ್ತದೆ, ಮುಳ್ಳು ಮಧ್ಯಕ್ಕೆ ಮರಳುತ್ತದೆ. ತಣ್ಣಗಿರುವಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಮುಗ್ಗರಿಸುವ ಗಾಡಿಯಲ್ಲಿ ಕಾರ್ಬ್ಯುರೇಟರಿಗಿಂತ ಮೊದಲು ಕಂಡೆನ್ಸರನ್ನು ಅನುಮಾನಿಸಬೇಕು. ಅದು ಸೋತಿದ್ದರೆ ಪಾಯಿಂಟಿನ ಬಾಯಲ್ಲಿ ಕಿಡಿ ಹಾರಿ ಲೋಹ ಕಪ್ಪಾಗಿರುತ್ತದೆ.

ಈ ಎರಡೂ ಸರಿಯಾದ ಮೇಲೆ ಕಾರ್ಬ್ಯುರೇಟರು. ಕಂಪನಿಯ ಪುಸ್ತಕದ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲದ ಜಾಗ ಇದು. ಕಾರಣ ಊರು ಮತ್ತು ಪೆಟ್ರೋಲು. ಹೈದರಾಬಾದ್ ಸಮುದ್ರ ಮಟ್ಟಕ್ಕಿಂತ ಸುಮಾರು 540 ಮೀಟರ್ ಎತ್ತರದಲ್ಲಿದೆ. ಚೆನ್ನೈಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ 6ರಷ್ಟು ಕಡಿಮೆ. ಗಾಳಿ ತೆಳುವಾದಂತೆ ಕಾರ್ಬ್ಯುರೇಟರು ಕೊಡುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಆದರೆ ಗಾಳಿಯ ಇಳಿಕೆಯ ಅರ್ಧದಷ್ಟು ಮಾತ್ರ. ಅಂದರೆ ಶೇ 3ರ ಆಸುಪಾಸು. ಡಿಸೆಂಬರಿನ 15 ಡಿಗ್ರಿಯ ಬೆಳಗಿಗೂ ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನಕ್ಕೂ ನಡುವೆ ಇದೇ ಲೆಕ್ಕದಲ್ಲಿ ಇನ್ನೊಂದು ಶೇ 4ರಷ್ಟು ವ್ಯತ್ಯಾಸ ಬರುತ್ತದೆ. ಪೆಟ್ರೋಲು ಎಳೆಯುವುದು ವಿರುದ್ಧ ದಿಕ್ಕಿಗೆ. 2023ರಿಂದ ಹಂತಹಂತವಾಗಿ ಬಂಕುಗಳಿಗೆ ಬಂದ ಇ20 ಪೆಟ್ರೋಲಿನಲ್ಲಿ ಐದನೆಯ ಒಂದು ಭಾಗ ಎಥನಾಲ್. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು. ಇ20ಕ್ಕೆ ಅದು 13.5ರ ಹತ್ತಿರ. ಅದೇ ಜೆಟ್ಟಿನಲ್ಲಿ ಅದೇ ಪ್ರಮಾಣದ ಇಂಧನ ಹರಿದರೆ ಮಿಶ್ರಣ ಸುಮಾರು ಶೇ 8ರಷ್ಟು ಸೊರಗುತ್ತದೆ. ಎರಡನ್ನೂ ಕೂಡಿಸಿದರೆ, ಚೆನ್ನೈಗಾಗಿ ಆರಿಸಿದ ಜೆಟ್ಟು ಇಂದಿನ ಹೈದರಾಬಾದಿನಲ್ಲಿ ಒಟ್ಟಾರೆ ಬಡ ಮಿಶ್ರಣವನ್ನೇ ಕೊಡುತ್ತದೆ. ಚಳಿಗಾಲದ ಬೆಳಿಗ್ಗೆ ಇನ್ನೂ ಬಡವಾಗಿ, ಬೇಸಿಗೆಯ ಮಧ್ಯಾಹ್ನ ಸ್ವಲ್ಪ ಸುಧಾರಿಸಿ. ಮಿಶ್ರಣ ಬಡವಾದಷ್ಟೂ ಎಂಜಿನ್ನು ಬಿಸಿಯಾಗುತ್ತದೆ. ಹಾಗಾಗಿ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಸೂಜಿಯನ್ನು ಎತ್ತರಿಸುವುದು, ಬೇಕಾದರೆ ಮೇನ್ ಜೆಟ್ಟನ್ನು ಒಂದು ಅಳತೆ ಹೆಚ್ಚಿಸುವುದು ಲೆಕ್ಕಕ್ಕೆ ಒಪ್ಪುವ ಕೆಲಸ. ಎಥನಾಲು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಕಾಕಿನ ವಾಷರುಗಳನ್ನು ಬದಲಿಸಬೇಕು, ವಾರಗಟ್ಟಲೆ ನಿಲ್ಲುವ ಗಾಡಿಯ ಫ್ಲೋಟ್ ಬೌಲನ್ನು ಖಾಲಿ ಮಾಡಬೇಕು. ದುಬಾರಿ ಹೈ ಆಕ್ಟೇನ್ ಪೆಟ್ರೋಲಿನಿಂದ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಆಕ್ಟೇನು ಬೇಕಾಗುವುದು ಕಂಪ್ರೆಶನ್ ಹೆಚ್ಚಿರುವ ಎಂಜಿನ್ನಿಗೆ, ಹಳೆಯ ಬುಲೆಟ್ಟಿಗೆ ಮಾಮೂಲಿ ಪೆಟ್ರೋಲೇ ಧಾರಾಳ.

ಮಿಶ್ರಣವನ್ನು ಅಳೆಯಲು ಮನೆಯಲ್ಲಿ ಉಪಕರಣವಿಲ್ಲ ಎನ್ನುವವರಿಗೆ ಊರಿನ ಎಷ್ಟೋ ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ಒಂದು ದಾರಿಯಿದೆ. ಎಮಿಷನ್ ಟೆಸ್ಟಿನ ಯಂತ್ರ ತೋರಿಸುವ ಕಾರ್ಬನ್ ಮಾನಾಕ್ಸೈಡಿನ ಅಂಕಿ ಐಡ್ಲಿಂಗಿನಲ್ಲಿ ಮಿಶ್ರಣ ಎಷ್ಟು ದಟ್ಟವಾಗಿದೆ ಎಂಬುದರ ನೇರ ಸೂಚಕ. 2000ದ ಮಾರ್ಚ್ ಕೊನೆಯ ತನಕ ತಯಾರಾದ ದ್ವಿಚಕ್ರ ವಾಹನಗಳಿಗೆ ಅದರ ಮಿತಿ ಶೇ 4.5. ಪಾಸಾದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುವ ಬದಲು ಅದರ ಮೇಲಿನ ಅಂಕಿಯನ್ನು ಓದಿದರೆ ಕೆಲವು ರೂಪಾಯಿಗಳಲ್ಲಿ ಪ್ರಯೋಗಾಲಯದ ಸೇವೆ ಸಿಕ್ಕಂತೆ. ಇದಕ್ಕೆ ತದ್ವಿರುದ್ಧವಾದದ್ದು ಸದ್ದಿಗಾಗಿ ಮಾಡುವ ಟ್ಯೂನಿಂಗ್. ‘ಡುಗು ಡುಗು’ ನಿಧಾನವಾಗಿ, ಗಡಸಾಗಿ ಬರಲೆಂದು ಟೈಮಿಂಗ್ ಹಿಂದಕ್ಕೆ ಸರಿಸಿ, ಸ್ಲೋ ಸೆಟ್ಟಿಂಗನ್ನು ನಿಲ್ಲುವ ಅಂಚಿಗೆ ತಂದಿಟ್ಟು, ಸೈಲೆನ್ಸರಿನ ಒಳಕೊಳವೆ ಕಿತ್ತುಹಾಕುವುದು ರೂಢಿಯಾಗಿದೆ. ಬುಲೆಟ್ಟಿನ ಆಯಿಲ್ ಪಂಪು ತಿರುಗುವುದು ಎಂಜಿನ್ನಿನ ವೇಗದಿಂದಲೇ. ಐಡ್ಲಿಂಗ್ ಇಳಿದಷ್ಟೂ ಎಣ್ಣೆ ಕಡಿಮೆ. ಕಿಡಿ ತಡವಾದರೆ ಶಾಖ ಸೈಲೆನ್ಸರಿನ ಕಡೆಗೂ ಎಕ್ಸಾಸ್ಟ್ ವಾಲ್ವಿಗೂ ಹೋಗುತ್ತದೆ. ಸೈಲೆನ್ಸರು ಬರಿದಾದರೆ ಈಗಾಗಲೇ ಸೊರಗಿದ ಮಿಶ್ರಣ ಇನ್ನಷ್ಟು ಸೊರಗುತ್ತದೆ. ರಸ್ತೆಯಲ್ಲಿ ತಲೆಗಳು ತಿರುಗುವಂತೆ ಮಾಡುವ ಆ ಸದ್ದು ಎಂಜಿನ್ನಿನ ಆಯುಸ್ಸನ್ನು ತಿಂದು ಬರುವಂಥದ್ದು.

ಈ ವಾದಕ್ಕೆ ಎದುರು ಮಾತುಗಳಿವೆ, ಅವುಗಳಲ್ಲಿ ಹುರುಳೂ ಇದೆ. ಬಿಚ್ಚದೆ ಒಳಗಿನದು ಹೇಗೆ ತಿಳಿಯುತ್ತದೆ ಎಂಬುದು ಮೊದಲನೆಯದು. ಇದು ಭಾಗಶಃ ನಿಜ. ಟೂ ಸ್ಟ್ರೋಕ್ ಗಾಡಿಗಳ ಮಟ್ಟಿಗಂತೂ ಹೆಚ್ಚು ನಿಜ. ಯೆಜ್ಡಿಯಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಹೋಗುವುದು ಕ್ರ್ಯಾಂಕ್‌ಕೇಸಿಗೆ. ಅದರ ಎರಡು ಬದಿಯ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣವನ್ನು ಕೆಡಿಸುತ್ತದೆ, ಆಗ ಯಾವ ಸ್ಕ್ರೂ ತಿರುಗಿಸಿಯೂ ಉಪಯೋಗವಿಲ್ಲ. ಹತ್ತಿಪ್ಪತ್ತು ವರ್ಷ ನಿಂತ ಯೆಜ್ಡಿಯನ್ನಾಗಲಿ ರಾಜ್‌ದೂತ್ 350ಯನ್ನಾಗಲಿ ಬಿಚ್ಚದೆ ಎಬ್ಬಿಸುವುದು ಜಾಣತನವಲ್ಲ. ಆದರೆ ಅಲ್ಲಿಯೂ ಬಿಚ್ಚುವುದು ಒಂದು ಗೊತ್ತಾದ ಕಾರಣಕ್ಕೆ, ಪ್ರತಿ ಹಂತದಲ್ಲಿ ಚಿತ್ರ ತೆಗೆದು, ಷಿಮ್ಮು ವಾಷರುಗಳ ಜಾಗ ಗುರುತು ಮಾಡಿ, ಅಳೆದು. ಬಿಚ್ಚಿದ್ದೇವೆ ಎಂಬ ಒಂದೇ ನೆಪಕ್ಕೆ ಅಳತೆಯೊಳಗಿರುವ ಹಳೆಯ ಗೇರನ್ನು ತೆಗೆದು, ಯಾರು ಮಾಡಿದರೆಂದು ತಿಳಿಯದ ಹೊಸ ಗೇರನ್ನು ಹಾಕಬೇಕಾಗಿಲ್ಲ. ಕಾರ್ಖಾನೆಯೇ ಇಲ್ಲವಾದ ಯೆಜ್ಡಿಯಂಥ ಗಾಡಿಗಳಲ್ಲಿ ಮೂಲದ ಭಾಗಕ್ಕೆ ಬದಲಿ ಸಿಗುವುದೇ ಅನುಮಾನವಾದ್ದರಿಂದ ಈ ಎಚ್ಚರಿಕೆ ಇಮ್ಮಡಿ ಬೇಕು.

ಎರಡನೆಯ ಆಕ್ಷೇಪ, ಇದೆಲ್ಲ ಉಸ್ತಾದರ ಕೆಲಸ ಎಂಬುದು. ಹೈದರಾಬಾದಿನ ಹಳೆಯ ಮೆಕ್ಯಾನಿಕ್ಕುಗಳು ಸದ್ದು ಕೇಳಿಯೇ ರೋಗ ಹೇಳಬಲ್ಲರು. ಆ ಕಿವಿಯ ವಿದ್ಯೆ ಗೇಜಿಗಿಂತ ವೇಗವಾದದ್ದು, ಅದನ್ನು ಅಲ್ಲಗಳೆಯುವುದು ಅವಿವೇಕ. ಬೋರು ಕೊರೆಯುವುದು, ಕ್ರ್ಯಾಂಕ್ ಸೆಂಟರ್ ಮಾಡುವುದು, ವಾಲ್ವ್ ಸೀಟು ಕತ್ತರಿಸುವುದು ಮನೆಯಲ್ಲಿ ಆಗುವಂಥವೂ ಅಲ್ಲ. ಕೇಂದ್ರ ಟೂಲ್ ಡಿಸೈನ್ ಸಂಸ್ಥೆ 1968ರಿಂದ ನೆಲೆಸಿರುವ ಬಾಲಾನಗರದ ಸುತ್ತ ಅದಕ್ಕೆ ಬೇಕಾದ ಯಂತ್ರಗಳೂ ಕೈಗಳೂ ಇವೆ. ಆದರೆ ಕೆಲಸ ಕೊಡುವವನಿಗೆ ತನಗೆ ಏನು ಬೇಕೆಂದು ಗೊತ್ತಿರಬೇಕು. ‘ಎಂಜಿನ್ ಕೆಲಸ ಮಾಡಿಕೊಡಿ’ ಎಂದರೆ ಎಲ್ಲವೂ ಬದಲಾಗುತ್ತದೆ. ‘ಬೋರು ಇಷ್ಟು ಸವೆದಿದೆ, ಈ ಪಿಸ್ಟನ್ನಿಗೆ ಹೊಂದುವಂತೆ ಇಷ್ಟು ಕೊರೆಯಿರಿ’ ಎಂದರೆ ಅಷ್ಟೇ ಆಗುತ್ತದೆ. ಉಸ್ತಾದರ ಕಿವಿ ಪಳಗಿದ್ದು ಹಿಂದಿನ ಪೆಟ್ರೋಲಿನಲ್ಲಿ ಎಂಬುದನ್ನೂ ಮರೆಯಬಾರದು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು, ಈಗ ಎಥನಾಲು ಬಂದಿದೆ. ಪ್ಲಗ್ಗಿನ ತುದಿಯ ಬಣ್ಣ ನೋಡಿ ಮಿಶ್ರಣ ಹೇಳುವ ಹಳೆಯ ಪಾಠ ಈಗ ಮೊದಲಿನಷ್ಟು ನೆಚ್ಚಿಕೊಳ್ಳುವಂಥದ್ದಲ್ಲ.

ಮೂರನೆಯದು ಹೊಸ ತಂತ್ರಜ್ಞಾನದ ಪರವಾದ ಮಾತು: ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, 6 ವೋಲ್ಟಿನ ಬದಲು 12 ವೋಲ್ಟ್, ಡ್ರಮ್ಮಿನ ಬದಲು ಡಿಸ್ಕ್ ಬ್ರೇಕ್. ಇಂದಿನ ಔಟರ್ ರಿಂಗ್ ರೋಡಿನ ಸುತ್ತಮುತ್ತಲ ವಾಹನದಟ್ಟಣೆಯಲ್ಲಿ ಮಂಕು ದೀಪ, ದುರ್ಬಲ ಬ್ರೇಕು ಇಟ್ಟುಕೊಂಡು ಹೋಗಿ ಎಂದು ಯಾರೂ ಹೇಳಲಾರರು. ಇಲ್ಲಿ ಗೆರೆ ಎಳೆಯಬೇಕಾದ ಜಾಗ ಒಂದೇ: ನಾಳೆ ಹಿಂತೆಗೆಯಬಹುದಾದ ಬದಲಾವಣೆಗೆ ಅಡ್ಡಿಯಿಲ್ಲ, ಹಿಂತೆಗೆಯಲಾಗದ್ದನ್ನು ಮಾಡಬಾರದು. ಸ್ಕ್ರೂ ಬಿಚ್ಚಿ ಮತ್ತೆ ಹಳೆಯದನ್ನು ಕೂರಿಸಬಹುದಾದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಇರಲಿ, ಹಳೆಯ ಪಾಯಿಂಟು ಡಬ್ಬಿಯಲ್ಲಿರಲಿ. ಫ್ರೇಮನ್ನು ಕತ್ತರಿಸಿ ಬೆಸುಗೆ ಹಾಕುವುದು ಬೇಡ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಬ್ರೇಕಿನ ವಿಷಯದಲ್ಲೂ ಡಿಸ್ಕಿನ ಮೊದಲು ಅಳತೆಗೆ ಅವಕಾಶ ಕೊಡಬೇಕು. ಡ್ರಮ್ಮು ದುಂಡಗಿದೆಯೇ, ಲೈನರು ಅದರ ಪೂರ್ತಿ ಮೈಗೆ ತಾಗುತ್ತಿದೆಯೇ ಎಂದು ನೋಡದೆ ಡ್ರಮ್ ಬ್ರೇಕೇ ಕೆಟ್ಟದ್ದು ಎಂದು ತೀರ್ಮಾನಿಸುವುದು, ಎಣ್ಣೆ ಇಳಿಸಿ ನೋಡದೆ ರಿಂಗು ಹೋಗಿದೆ ಎನ್ನುವುದರ ಸಾಲಿಗೇ ಸೇರಿದ್ದು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು: ಇಷ್ಟೊಂದು ಹೊಗೆಯ ಊರಿನಲ್ಲಿ ಇವನ್ನು ಉಳಿಸುವುದಾದರೂ ಏಕೆ? ಟೂ ಸ್ಟ್ರೋಕ್ ಎಂಜಿನ್ನು ಹೀರಿದ ಮಿಶ್ರಣದ ಒಂದು ಪಾಲನ್ನು ಉರಿಸದೆಯೇ ಹೊರಗೆ ತಳ್ಳುತ್ತದೆ; ಎಂಥ ಟ್ಯೂನಿಂಗೂ ಅದನ್ನು ಇಂದಿನ ಬೈಕಿನ ಮಟ್ಟಕ್ಕೆ ತರಲಾರದು. ಹಳೆಯ ಗಾಡಿ ಪರಿಸರಸ್ನೇಹಿ ಎಂದು ವಾದಿಸುವುದು ಆತ್ಮವಂಚನೆ. ಉಳಿಸಬೇಕೆಂಬುದಕ್ಕೆ ಕಾರಣ ಬೇರೆ. ಮೈಸೂರಿನ, ಮದ್ರಾಸಿನ ಕಾರ್ಖಾನೆಗಳಲ್ಲಿ ಒಂದು ತಲೆಮಾರು ಕಲಿತ ತಯಾರಿಕೆಯ ವಿದ್ಯೆಗೆ ಓಡುತ್ತಿರುವ ಎಂಜಿನ್ನಿಗಿಂತ ಉತ್ತಮ ಪುರಾವೆ ಇಲ್ಲ. ವಿಂಟೇಜ್ ನಿಯಮ ತನ್ನಡಿ ನೋಂದಾಯಿಸಿದ ಗಾಡಿಗಳನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಪೆಟ್ರೋಲು ತುಂಬಿಸುವಂಥ ಕೆಲಸಗಳಿಗಷ್ಟೇ ರಸ್ತೆಗೆ ಬಿಡುತ್ತದೆ, ನಿತ್ಯದ ಓಡಾಟಕ್ಕಲ್ಲ. ಉಳಿಸುವ ಆಸೆಗೂ ಊರಿನ ಗಾಳಿಗೂ ನಡುವೆ ಇದು ನ್ಯಾಯವಾದ ಒಪ್ಪಂದ. ಅಪರೂಪಕ್ಕೆ ಓಡುವ ಗಾಡಿಯೂ ಓಡಿದಾಗ ಶೇ 4.5ರ ಮಿತಿಯೊಳಗೆ ನಿಲ್ಲಲಿ ಎಂಬುದಷ್ಟೇ ಟ್ಯೂನ್ ಮಾಡುವವನ ಹೊಣೆ.

ಹೀಗಾಗಿ ಮನೆಯಲ್ಲಿ ಈ ಕೆಲಸಕ್ಕೆ ಇಳಿಯುವವರು ಪುತ್ಲಿಬೌಲಿಗೆ ಹೊರಡುವ ಮೊದಲು ಒಂದು ನೋಟ್‌ಪುಸ್ತಕ ಕೊಳ್ಳುವುದು ಒಳ್ಳೆಯದು. ಗಾಡಿ ಕೈಸೇರಿದ ದಿನದ ಕಂಪ್ರೆಶನ್, ಪಾಯಿಂಟ್ ಗ್ಯಾಪ್, ಟೈಮಿಂಗ್, ಜೆಟ್ಟಿನ ನಂಬರು, ಸೂಜಿಯ ಗೀರು, ಎಮಿಷನ್ ಅಂಕಿ, ಯಾವ ಭಾಗ ಮೂಲದ್ದು, ಯಾವುದು ಬದಲಾಯಿತು, ಏಕೆ ಬದಲಾಯಿತು, ಇಷ್ಟನ್ನು ಬರೆದಿಟ್ಟರೆ ಎರಡು ಲಾಭ. ಒಂದು ಸಲಕ್ಕೆ ಒಂದನ್ನೇ ಬದಲಿಸುವ ಶಿಸ್ತು ತಾನಾಗಿ ಬರುತ್ತದೆ, ಯಾವ ಬದಲಾವಣೆಯಿಂದ ಏನಾಯಿತು ಎಂಬುದು ನಿಖರವಾಗಿ ತಿಳಿಯುತ್ತದೆ. ಇನ್ನೊಂದು, ಈ ಗಾಡಿಗಳು ನಮಗಿಂತ ಹೆಚ್ಚು ಕಾಲ ಬಾಳುವಂಥವು. ಮುಂದೆ ಬೇರೆಯವರ ಕೈ ಸೇರಿದಾಗ ಬಣ್ಣ ಮಾಸಿರುತ್ತದೆ, ಕ್ರೋಮು ತುಕ್ಕು ಹಿಡಿದಿರುತ್ತದೆ, ಪೆಟ್ರೋಲು ಇನ್ನೊಮ್ಮೆ ಬದಲಾಗಿರುತ್ತದೆ. ಆಗ ಅವರು ಊಹೆಯಿಂದ ಆರಂಭಿಸಬೇಕೋ ಅಂಕಿಯಿಂದಲೋ ಎಂಬುದು ಇಂದು ನಾವು ಏನು ಬರೆದಿಡುತ್ತೇವೆ ಎಂಬುದರ ಮೇಲೆ ನಿಂತಿದೆ. ನಮ್ಮ ಕೆಲಸವನ್ನು ಇನ್ನೊಬ್ಬರು ಅರ್ಥಮಾಡಿಕೊಂಡು, ತಪ್ಪಿದ್ದರೆ ತಿದ್ದಿ, ಮುಂದುವರಿಸಲು ಸಾಧ್ಯವಾದರೆ ಮಾತ್ರ ಅದನ್ನು ಜೀರ್ಣೋದ್ಧಾರ ಎನ್ನಬಹುದು.